ಬಾಡಿಗೆ ರೆಕ್ಕೆ

ನವೆಂಬರ್ 6, ಗುರುವಾರ

ಬೆಳಿಗ್ಗೆ ಶೂ ಹಾಕಿಕೊಳ್ಳುವಾಗ ರಶ್ಮಿತಾ ಕಾಲ್ಬೆರಳು ಮಡಚಿಕೊಂಡಳು. ಯಾಕೆಂದು ಕೇಳಿದೆ. "ಹಿಂಗೆ ಮಾಡಿದ್ರೆ ಸರಿಯಾಗೈತೆ ಕಣಮ್ಮ" ಎಂದಳು. ಯುಕೆಜಿ ಬುದ್ಧಿ. ಹೋದ ವರ್ಷದ ಶೂ. ಒಂದು ಸೈಜ್ ದೊಡ್ಡದೇ ತಂದು, ಮುಂದೆ ಹತ್ತಿ ತುರುಕಿ ಕಳಿಸುತ್ತಿದ್ದೆ. ಹತ್ತಿ ತೆಗೆದು ಎಷ್ಟೋ ತಿಂಗಳಾಯಿತು.

ಮಧ್ಯಾಹ್ನ ಸ್ಕೂಲ್ ಗ್ರೂಪ್‌ನಲ್ಲಿ ಮೆಸೇಜ್. ಹದಿನಾಲ್ಕಕ್ಕೆ ಮಕ್ಕಳ ದಿನಾಚರಣೆ, ಫ್ಯಾನ್ಸಿ ಡ್ರೆಸ್. ಎಲ್ಲರೂ ಹೆಬ್ಬೆರಳು ಎತ್ತಿದರು. ನಾನೂ ಎತ್ತಿದೆ. ಆ ಗ್ರೂಪ್‌ನಲ್ಲಿ ನಾನು ಇದುವರೆಗೆ ಆಡಿದ ಮಾತು ಅದೊಂದೇ.

ನವೆಂಬರ್ 7

ಏಂಜಲ್ ಆಗುತ್ತಾಳಂತೆ. ಬಿಳಿ ಗೌನು, ಬೆನ್ನಿಗೆ ರೆಕ್ಕೆ. ಮೊಳಕಾಲ್ಮೂರಿನಲ್ಲಿ ಸಿಗುವುದಿಲ್ಲ. ಇವರು ಚಳ್ಳಕೆರೆಯ ಎಣ್ಣೆ ಮಿಲ್ಲಿನಿಂದ ಬರುವಾಗ ಬಾಡಿಗೆ ಅಂಗಡಿಯಲ್ಲಿ ಕೇಳಿಕೊಂಡು ಬಂದರು.

"ದಿನಕ್ಕೆ ಐನೂರು. ರೆಕ್ಕೆ ಮುರಿದ್ರೆ ಅದೂ ನಮ್ಮ ತಲೆಗೇ."

"ಮುರೀದಂಗೆ ಹಾರ್ತೀನಪ್ಪ" ಎಂದಳು ಮಗಳು.

ಐನೂರಕ್ಕೆ ಶೂ ಬರುತ್ತದೆ. ಈ ತಿಂಗಳು ಎರಡೂ ಆಗದು. ಆದರೆ ಆ ಮುಖ ನೋಡಿಕೊಂಡು ಬೇಡ ಎನ್ನುವುದು ಹೇಗೆ...

ನವೆಂಬರ್ 9, ಭಾನುವಾರ

ಮಾವ ಮಗ್ಗ ಬಿಟ್ಟು ಊಟಕ್ಕೆ ಎದ್ದಿದ್ದರು. ಅವರ ಜಾಗದಲ್ಲಿ ರಶ್ಮಿತಾ. ಹೆಗಲಿಗೆ ಅವರ ಟವಲ್ಲು, ಮೂಗಿನ ತುದಿಗೆ ಅವರ ಕನ್ನಡಕ. ಖಾಲಿ ಬಾಗಿಲಿಗೆ, ಅವರದೇ ತೆಲುಗು ಬೆರೆತ ಮಾತಿನಲ್ಲಿ ಗದರುತ್ತಿದ್ದಾಳೆ:

"ಎವರಮ್ಮಾ ಅದಿ? ಬೆಳಕಿಗೆ ಅಡ್ಡ ನಿಲ್ಬೇಡ್ರಿ! ನೂಲು ಕಾಣಲ್ಲ!"

ಅದೇ ಕೆಮ್ಮು. ಅದೇ ಗಂಟಲು. ಸೊಸೆಯಾದವಳು ನಗಬಾರದು. ಅಡುಗೆಮನೆಗೆ ಓಡಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಆಮೇಲೆ ಕರೆದು ಕೇಳಿದೆ.

"ಫ್ಯಾನ್ಸಿ ಡ್ರೆಸ್‌ಗೆ ತಾತ ಆಗ್ತೀಯಾ?"

ಯೋಚಿಸಿದಳು. "ಬೈಬೋದಾ?"

"ಬೈಬೋದು."

"ಮಿಸ್‌ನೂ?"

"ಎಲ್ಲಾರ್ನೂ."

ಏಂಜಲ್‌ಗೆ ಆ ಸೌಕರ್ಯವಿಲ್ಲ. ಅಲ್ಲೇ ರೆಕ್ಕೆ ಉದುರಿತು.

ಮಾವನಿಗೆ ಹೇಳಿಲ್ಲ. ಅಣಕಿಸಲು ನಾನೇ ಕಲಿಸಿದೆ ಎಂದುಕೊಂಡರೆ?

ನವೆಂಬರ್ 12

ಹಳೇ ಪಂಚೆ, ಅರ್ಧಕ್ಕೆ ಮಡಿಸಿದ್ದು. ಕಾಡಿಗೆ ಮೀಸೆ. ತಲೆ ನರೆಯಲು ಪೌಡರ್. ಮಗ್ಗದ ಸವೆದುಹೋದ ಒಂದು ಲಾಳಿ. ಮಾವನ ಹಳೇ ಕನ್ನಡಕ, ಗಾಜು ತೆಗೆದದ್ದು. ಖರ್ಚು ಸೊನ್ನೆ.

ಇವರು ಚಳ್ಳಕೆರೆಯಿಂದ ಶೂ ತಂದರು. ಮತ್ತೆ ಒಂದು ಸೈಜ್ ದೊಡ್ಡದು.

ಸಂಜೆ ಮಾವ ಕೇಳಿದರು, "ನನ್ನ ಹಳೇ ಕನ್ನಡಕ ಏನಾದ್ರೂ ಕಂಡ್ಯೇನಮ್ಮಾ?"

"ಇಲ್ಲ ಮಾಮಯ್ಯ."

ಈ ಮನೆಗೆ ಬಂದ ಮೇಲೆ ಹೇಳಿದ ಮೊದಲ ಸುಳ್ಳು. ದೊಡ್ಡ ಸುಳ್ಳುಗಳ ಪೈಕಿ.

ನವೆಂಬರ್ 14, ಸಂಜೆ

ಆರು ಏಂಜಲ್, ಮೂರು ಕೃಷ್ಣ, ಒಂದು ಟೊಮೆಟೊ. ಆಮೇಲೆ ನಮ್ಮವಳು.

ಮಾವ ಇಸ್ತ್ರಿ ಷರ್ಟು ಹಾಕಿ ಮೊದಲ ಸಾಲಿನಲ್ಲಿ ಕೂತಿದ್ದರು. ರಶ್ಮಿತಾ ಸ್ಟೇಜಿಗೆ ಬಂದು ಕೂತಳು, ಲಾಳಿ ಎಸೆದಳು, ಕೆಮ್ಮಿದಳು. "ಬೆಳಕಿಗೆ ಅಡ್ಡ ನಿಲ್ಬೇಡ್ರಿ!" ಫೋಟೋ ತೆಗೆಯುತ್ತಿದ್ದ ಮಿಸ್ ಗಾಬರಿಯಿಂದ ಪಕ್ಕಕ್ಕೆ ಸರಿದರು. ಜನ ಹೋ ಎಂದು ನಕ್ಕರು. ಮಾವ ನಗಲಿಲ್ಲ. ಎದ್ದು ನಿಂತರು.

"ಏಯ್, ಕಾಲು ತುಳೀದೇ ಲಾಳಿ ಎಸೀತೀಯಲ್ಲೇ! ನೂಲು ಕಿತ್ತೋಗ್ತೈತೆ!"

"ತಾತಾ, ಸುಮ್ಕೆ ಕೂತ್ಕ! ಇವತ್ತು ನಾನು ತಾತ!"

ಅವರು ಕೂತರು. ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಎರಡನೇ ಬಹುಮಾನ. ಮೊದಲನೆಯದು ಟೊಮೆಟೊಗೆ. ನ್ಯಾಯವೇ. ದಾರಿಯುದ್ದಕ್ಕೂ ಮಾವ ಸಿಕ್ಕವರಿಗೆಲ್ಲ, "ನನ್ನಂಗೇ ಬೈತಾಳೆ ಕಣ್ರೀ!" ಮನೆ ಹತ್ತಿರ ಬಂದಾಗ ನನಗೆ ಮಾತ್ರ ಮೆಲ್ಲಗೆ: "ಗಾಜು ಎಲ್ಲಿಟ್ಟೆ, ತಲ್ಲೀ?"

ನವೆಂಬರ್ 16

ಮೊನ್ನೆ ಖುಷಿಯಲ್ಲಿ ಒಂದು ಬರೆಯದೆ ಬಿಟ್ಟೆ. ಅಂದು ಐದು ಮಕ್ಕಳು ಬಂದಿರಲಿಲ್ಲ. ಎದುರುಮನೆ ಚೌಡೇಶ್ವರಿಯ ಮಗಳೂ ಇಲ್ಲ. ಜ್ವರ ಅಂತ ಗ್ರೂಪ್‌ನಲ್ಲಿ ಹಾಕಿದ್ದಳು. ನಾವು ಬಹುಮಾನ ಹಿಡಿದು ಬರುವಾಗ ಜ್ವರದ ಹುಡುಗಿ ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ನಮ್ಮನ್ನು ಕಂಡು ಒಳಗೆ ಓಡಿದಳು.

ಇವತ್ತು ನಲ್ಲಿ ಹತ್ತಿರ ಚೌಡೇಶ್ವರಿಯೇ ಹೇಳಿದಳು. "ಬಾಡಿಗೆ ಎಷ್ಟು ಅಂತ ಕೇಳಿದ್ಕೇ ಜ್ವರ ಬಂತು ಕಣಕ್ಕ!" ಇಬ್ಬರೂ ನಕ್ಕೆವು. ಕೊಡ ಎತ್ತಿಕೊಳ್ಳುತ್ತಾ ಅಂದಳು, "ನೀವು ಓದಿದೋರು, ಏನೋ ಹೊಳೀತು. ನಮ್ಗೂ ಒಂದು ಮಾತು ಹೇಳ್ಬಾರ್ದಿತ್ತಾ?"

ಹೇಳಬಹುದಿತ್ತು. ಎದುರುಮನೆ. ಹತ್ತು ಹೆಜ್ಜೆ.

ನವೆಂಬರ್ 21, ಶುಕ್ರವಾರ

ಮತ್ತೆ ಮೆಸೇಜ್. ಡಿಸೆಂಬರ್‌ನಲ್ಲಿ ವಾರ್ಷಿಕೋತ್ಸವ. ಡ್ಯಾನ್ಸ್ ಡ್ರೆಸ್ ಬಾಡಿಗೆಗೆ ತರಿಸುತ್ತಾರೆ, ತಲಾ ಏಳುನೂರು. ನಾಳೆ ಹತ್ತಕ್ಕೆ ಪೋಷಕರ ಮೀಟಿಂಗ್. ಗ್ರೂಪ್‌ನಲ್ಲಿ ಯಾರೂ ಏನೂ ಕೇಳಿಲ್ಲ. ಡಿಸೆಂಬರ್‌ನಲ್ಲಿ ಎಷ್ಟು ಮಕ್ಕಳಿಗೆ ಜ್ವರ ಬರುತ್ತದೋ.

ಪ್ರತಿ ಮನೆಯಲ್ಲೂ ಒಂದು ಹಳೇ ಸೀರೆ ಇದೆ. ಚೌಡೇಶ್ವರಿಯ ಹತ್ತಿರ ಹೊಲಿಗೆ ಮಿಷನ್ ಇದೆ; ಡ್ರೆಸ್ ನಾವೇ ಹೊಲಿಯೋಣವಾ ಎಂದು ಇವತ್ತು ಹೋಗಿ ಕೇಳಿದೆ, "ಹೂಂ ಕಣಕ್ಕ" ಎಂದಳು. ನಮ್ಮ ಪಡಸಾಲೆ ದೊಡ್ಡದು. ಇಷ್ಟು ಹೇಳಿದರೆ ಸಾಕು.

ಎಂ.ಎ. ಸೆಮಿನಾರಿನಲ್ಲೇ ನನ್ನ ಹಾಳೆಯನ್ನು ಗೆಳತಿಯ ಕೈಗೆ ಕೊಟ್ಟು ಓದಿಸಿದವಳು ನಾನು. ನಾಳೆ ಎದ್ದು ನಿಲ್ಲುತ್ತೇನೆ. ಇವರಿಗೂ ಹೇಳಿಲ್ಲ.

ಮೊದಲ ವಾಕ್ಯ ಬರೆದು ನೋಡಿದೆ. "ಎಲ್ಲರಿಗೂ ನಮಸ್ಕಾರ, ನಾನು ರಶ್ಮಿತಾ ಅಮ್ಮ..." ಇಲ್ಲ. ಹೆಸರು ಹೇಳಿಯೇ ಶುರು ಮಾಡಬೇಕು. ನಾನು ಸೌಂದರ್ಯ. ನಮ್ಮ ಬೀದಿಯಲ್ಲಿ —