ಮದುಮಗಳ ಉಹೂಂ

ಮಾರ್ಚ್ ೯, ಭಾನುವಾರ

ನನ್ನ ರಗಳೆಗೆ,

ಅಮ್ಮನ ಆಶೀರ್ವಾದಗಳು. ನಾನು ಕ್ಷೇಮ ಅಂತ ಬರೆಯಲು ಹೊರಟರೆ ನೀನೇ ನಗುತ್ತೀಯ, ಅದಕ್ಕೇ ಬರೆಯುತ್ತಿಲ್ಲ. ನಿನ್ನ ಪತ್ರ ಬಂದು ಎರಡು ವಾರ ದಾಟಿತು. ಉತ್ತರ ಬರೆಯಲು ಕೂತೆ, ಎದ್ದೆ, ಮತ್ತೆ ಕೂತೆ. ತಡವಾಯಿತು ಅಂತ ಬೇಜಾರು ಮಾಡಿಕೊಳ್ಳಬೇಡ. ಬೈದುಕೊಳ್ಳುವುದಿದ್ದರೆ ಬೈದುಕೋ, ಆದರೆ ಪೂರ್ತಿ ಓದು.

ನೀನು ಹೇಳಿದ ಹಾಗೆ ಫೋನ್ ಮಾಡಲಿಲ್ಲ. ನಿನ್ನ ಫೋನು ಈಗ ಗಂಡನ ಜೇಬಲ್ಲೇ ಇರುತ್ತದೆ ಅಂತ ಬರೆದಿದ್ದೀಯಲ್ಲ. ಈ ಪತ್ರವನ್ನು ನೀನು ಕೆಲಸ ಮಾಡುವ ಔಷಧಿ ಅಂಗಡಿಯ ಯಜಮಾನಿಯ ಹೆಸರಿಗೇ ಕಳಿಸುತ್ತಿದ್ದೇನೆ. ಆಕೆಗೆ ನನ್ನ ನಮಸ್ಕಾರ ಹೇಳು. ಓದಿದ ಮೇಲೆ ಅವರ ಹತ್ತಿರವೇ ಕೊಟ್ಟುಬಿಡು. ಮನೆಗೆ ಒಯ್ಯಬೇಡ.

ಮೊದಲು ನಿನ್ನ ಕೈ. ಲಕೋಟೆ ನೋಡಿದಾಗ ಇದು ಯಾರ ಅಕ್ಷರವಪ್ಪಾ ಅಂದುಕೊಂಡೆ. ಒಂದನೇ ಕ್ಲಾಸಿನ ಮಗು ಬರೆದ ಹಾಗಿತ್ತು. ಎಡಗೈಯಲ್ಲಿ ಬರೆದಿದ್ದು ಅಂತ ಎರಡನೇ ಪುಟಕ್ಕೆ ಬಂದಾಗ ಗೊತ್ತಾಯಿತು. "ಬಾಗಿಲು ಗಾಳಿಗೆ ಹಾಕ್ಕೊಳ್ತು ಅಂತ ಡಾಕ್ಟರಿಗೆ ಹೇಳ್ದೆ. ಗಾಳಿ ಅಲ್ಲ, ಅವರೇ. ನನ್ನ ಬೆರಳು ಅಲ್ಲಿರೋದು ನೋಡೇ ಹಾಕಿದ್ದು" ಅಂತ ಬರೆದಿದ್ದೀಯ. ಆಮೇಲೆ ಆಸ್ಪತ್ರೆಯಲ್ಲಿ ಅವನೇ ನಿನ್ನ ತಲೆ ಹಿಡಿದು ನೀರು ಕುಡಿಸಿದನಂತೆ, ನರ್ಸುಗಳು ನೋಡಿ "ಎಂಥಾ ಗಂಡ ಸಿಕ್ಕಿದಾರೆ ರೀ ನಿಮ್ಗೆ" ಅಂದರಂತೆ. ಬಾಗಿಲಿನ ಸಾಲಿಗಿಂತ ಈ ನೀರಿನ ಸಾಲು ಓದಿಯೇ ಪತ್ರ ಮಡಚಿಟ್ಟು ಎದ್ದುಬಿಟ್ಟೆ. ಕಟ್ಟು ಬಿಚ್ಚಿದ ಮೇಲೆ ಬೆರಳು ಮಡಚಲು ಬರುತ್ತದಾ ಅಂತ ನೋಡು. ಬರದಿದ್ದರೆ ಸುಮ್ಮನಿರಬೇಡ, ಮತ್ತೆ ತೋರಿಸು.

"ಅಮ್ಮಾ, ನಾನು ಅಲ್ಲಿಗೆ ಬಂದ್ಬಿಡ್ಲಾ?" ಅಂತ ಕೇಳಿದ್ದೀಯ. ಹೇಳುತ್ತೇನೆ. ನಿನ್ನಮ್ಮ ಸುತ್ತಿ ಬಳಸಿ ಮಾತಾಡುವವಳು ಅಂತ ನಿನಗೆ ಹೊಸದಾಗಿ ಹೇಳಬೇಕಾ?

ಸ್ಟುಡಿಯೋ ವಿಷಯ ಕೇಳು. ಈ ಸಲದ್ದೂ ಮದುವೆ ಸಿನಿಮಾನೇ. ಎಲ್ಲಿಂದಲೋ ತಂದಿದ್ದಾರೆ, ನಾವು ಕನ್ನಡದಲ್ಲಿ ಮಾತು ತುಂಬಬೇಕು. ಹುಡುಗಿಗೆ ಮದುವೆ ಗೊತ್ತಾಗಿದೆ. ಮದುವೆಯ ಏರ್ಪಾಡು ವಹಿಸಿಕೊಂಡವನು ಬಂದು ಹೂವು ಯಾವ ಬಣ್ಣ, ದೀಪ ಎಲ್ಲಿ ಅಂತ ಕೇಳುತ್ತಾ ಕೇಳುತ್ತಾ ಅವಳ ಮನಸ್ಸಿಗೇ ಕೈ ಹಾಕುತ್ತಾನೆ. ಕೇಕು ಬೀಳುತ್ತದೆ, ಉಂಗುರ ಮಾಯವಾಗುತ್ತದೆ, ಅಜ್ಜಿ ಕುಣಿಯುತ್ತಾಳೆ. ಒಬ್ಬರು ಒಂದು ಹೇಳಿದರೆ ಇನ್ನೊಬ್ಬರಿಗೆ ಇನ್ನೊಂದು ಕೇಳಿಸಿ, ಅದರಿಂದ ಊರೆಲ್ಲ ರಂಪ. ಕೊನೆಗೆ ಯಾರೋ ಓಡಿ ಬಂದು "ಅಯ್ಯೋ, ನಾನು ಹೇಳಿದ್ದು ಹಾಗಲ್ಲ" ಅಂದರೆ ಎಲ್ಲ ಸರಿಹೋಗುತ್ತದೆ. ನೀನು ಚಿಕ್ಕವಳಿದ್ದಾಗ ಸ್ಟುಡಿಯೋದ ಹರಿದ ಸೋಫಾದ ಮೇಲೆ ಕಾಲು ಚಾಚಿ ಮಲಗಿ, ನಾನು ಹೊರಗೆ ಬಂದ ಕೂಡಲೇ "ಅಮ್ಮಾ, ಇವತ್ತೂ ಮದ್ವೆ ಆಯ್ತಾ ನಿಂಗೆ?" ಅಂತ ಕೇಳುತ್ತಿದ್ದೆಯಲ್ಲ, ಆ ತರಹದ್ದೇ. ಮೈಕಿನ ಮುಂದೆ ಎಷ್ಟು ಸಲ ಮದುಮಗಳಾಗಿದ್ದೇನೋ ಲೆಕ್ಕವಿಲ್ಲ. ನಿಜವಾಗಿ ಆಗಿದ್ದು ಒಂದು ಸಲ, ಅದರಲ್ಲೂ ನಿಮ್ಮಪ್ಪ ಅರ್ಧಕ್ಕೇ ಎದ್ದು ಹೋದರು.

ಅಷ್ಟು ಸಿನಿಮಾಗಳಲ್ಲಿ ಮದುವೆಯ ಮರುದಿನದ ಬೆಳಗ್ಗೆಗೆ ನಾನು ಒಂದು ಸಲವೂ ದನಿ ಕೊಟ್ಟಿಲ್ಲ ಕಣೇ. ತೆರೆಯ ಮೇಲೆ ಮದುವೆ ಹಾಲ್‌ನಲ್ಲಿ ಎಲ್ಲರೂ ಚಪ್ಪಾಳೆ ಹೊಡೆದರೆ ನನ್ನ ಕೆಲಸ ಮುಗಿಯಿತು. ನಾನು ಮನೆಗೆ ಬಂದು ಪಾತ್ರೆ ತೊಳೆಯುತ್ತಿದ್ದೆ.

ನಿನ್ನ ಗೆಳತಿಯ ಮದುವೆಗೆ ಹೋಗಿದ್ದ ನೀನು ಅಲ್ಲಿಂದಲೇ ಫೋನ್ ಮಾಡಿ, "ಅಮ್ಮಾ, ನಿನ್ನ ಸಿನಿಮಾದಲ್ಲಿ ಆಗೋ ಹಾಗೇ ಆಯ್ತು. ಡೆಕೊರೇಷನ್ ಮಾಡಿಸ್ತಿದ್ದೋರು ನನ್ನ ಹತ್ರಾನೇ ಬಂದು ಯಾವ ಹೂವು ಚೆನ್ನಾಗಿದೆ ಅಂತ ಕೇಳಿದ್ರು" ಅಂದಿದ್ದು ನೆನಪಿದೆ. ಎಷ್ಟು ನಗುತ್ತಿದ್ದೆ. ಆಮೇಲೆ ನನಗೆ ಅವನನ್ನು ತೋರಿಸಲು ಅವನು ನಡೆಸುತ್ತಿದ್ದ ಇನ್ಯಾರದೋ ಮದುವೆಗೆ ಕರೆದುಕೊಂಡು ಹೋದೆ. ನೋಡಲು ಚೆನ್ನಾಗಿಯೇ ಇದ್ದ. ನನಗೆ ಕುರ್ಚಿ ತಂದು ಹಾಕಿದ. ನೀನು ಕೈ ತೊಳೆಯಲು ಹೋದಾಗ ಅವನು ವೇದಿಕೆಯ ಹಿಂದೆ ನಿಂತು ದೀಪದ ಕೆಲಸದವನ ಹತ್ತಿರ ಮಾತಾಡುತ್ತಿದ್ದ. ಎದುರಿಗೆ ಅತಿಥಿಗಳು ಕೂತಿದ್ದರು, ಅವರಿಗೆ ಕಾಣುವ ಹಾಗೆ ಮುಖದ ತುಂಬ ನಗು ಇಟ್ಟುಕೊಂಡಿದ್ದ. ಮಾತು ನನಗೆ ಕೇಳಿಸಲಿಲ್ಲ. ಆದರೆ ಆ ದೀಪದವನ ಮುಖ ನೋಡಿದೆ. ನಲವತ್ತು ದಾಟಿದ ಗಂಡಸು, ತಲೆ ತಗ್ಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದ. ತುಟಿಗೆ ದನಿ ಕೂರದೇ ಇರುವುದನ್ನು ಹಿಡಿಯುವುದೇ ನನ್ನ ಹೊಟ್ಟೆಪಾಡು. ನಿನ್ನವನ ನಗುವ ತುಟಿಗೆ ಅವನ ದನಿ ಕೂತಿರಲಿಲ್ಲ.

ಇರಲಿ. ಸ್ಟುಡಿಯೋಗೆ ವಾಪಸ್ ಬರುತ್ತೇನೆ.

ಹೋದ ತಿಂಗಳು ಕೊನೆಯ ದೃಶ್ಯಕ್ಕೆ ಬಂದಿದ್ದೆವು. ವೇದಿಕೆ ಮೇಲೆ ಎಲ್ಲರ ಮುಂದೆ ಹುಡುಗಿಯನ್ನು ಕೇಳುತ್ತಾರೆ, "ನಿನಗೆ ಒಪ್ಪಿಗೆಯಾ?" ಅವಳು "ಉಹೂಂ" ಅನ್ನಬೇಕು. ಅಷ್ಟೇ ನನ್ನ ಮಾತು. ಅದೊಂದು ಮಾತಿನಿಂದ ಮುಂದಿನ ಗದ್ದಲವೆಲ್ಲ. ಅಂದೆ. ಹೆಡ್‌ಫೋನಲ್ಲಿ ಕಿವಿಯಪ್ಪನ ದನಿ ಬಂತು. ಕಿವಿಯಪ್ಪ ಗೊತ್ತಲ್ಲ, ನಮ್ಮ ರೆಕಾರ್ಡಿಂಗಿನವನು, ನಿನಗೆ ಸೋಫಾದ ಮೇಲೆ ಹೊದಿಸಲು ಅವನ ಸ್ವೆಟರ್ ಕೊಡುತ್ತಿದ್ದವನು. ಈಗ ಅವನ ತಲೆಯೂ ಬೆಳ್ಳಗಾಗಿದೆ.

"ಅಕ್ಕಾ, ಉಹೂಂ ಅನ್ಬೇಕು. ನೀವು ಹೂಂ ಅಂತಿದೀರಿ."

"ಉಹೂಂ ಅಂತಾನೇ ಅಂದೆ ಕಣೋ."

"ಇಲ್ಲಕ್ಕ. ಕೇಳಿಸ್ಕೊಳ್ಳಿ."

ಕೇಳಿಸಿದ. ನನ್ನದೇ ದನಿ, "ಹೂಂ" ಅಂತ ಸ್ಪಷ್ಟವಾಗಿ ಅನ್ನುತ್ತಿದೆ. ಮೊದಲಿನ "ಉ" ಬರೀ ಗಾಳಿ, ಅದು ಕಿವಿಗೆ ಬೀಳುವುದೇ ಇಲ್ಲ. ನನ್ನ ಬಾಯಲ್ಲಿ ಅದು ಇದೆ, ತುಟಿ ಮುಂದೆ ಬರುತ್ತದೆ, ಹೊರಗೆ ಮಾತ್ರ ಇಲ್ಲ. ಇನ್ನೊಂದು ಟೇಕ್, ಮತ್ತೊಂದು ಟೇಕ್. ಪ್ರತಿ ಸಲವೂ ಮದುಮಗಳು ಒಪ್ಪಿಕೊಂಡೇ ಬಿಡುತ್ತಿದ್ದಳು. ಸಂಭಾಷಣೆ ಬರೆದವರು ಅಲ್ಲೇ ಕೂತಿದ್ದರು. "ಬಿಡಿ ಮೇಡಂ, ಅವಳಿಗೆ ಅಷ್ಟು ಇಷ್ಟ ಇದ್ರೆ ಇಲ್ಲೇ ಮದ್ವೆ ಮಾಡಿ ಕಳಿಸೋಣ, ನಂಗೂ ಮುಂದಿಂದು ಬರೆಯೋದು ತಪ್ಪುತ್ತೆ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕಿವಿಯಪ್ಪ ನಗಲಿಲ್ಲ. ಎಲ್ಲರನ್ನೂ ಟೀಗೆ ಕಳಿಸಿ ಒಳಗೆ ಬಂದ. ತಲೆ ಎತ್ತದೆ ಮೈಕಿನ ವಯರು ಸುತ್ತುತ್ತಾ ಹೇಳಿದ. "ಇದು ಇವತ್ತಿಂದಲ್ಲ ಅಕ್ಕಾ. ಹೋದ ವರ್ಷದ ಸಿನಿಮಾದಲ್ಲೂ ಇತ್ತು, ಅದರ ಹಿಂದಿಂದ್ರಲ್ಲೂ ಇತ್ತು. ಮಾತಿನ ಶುರುವಿಗೆ ನಿಮ್ಮ ದನಿ ಏಳ್ತಾನೇ ಇಲ್ಲ. ನಿಮ್ಮ ಹಳೇ ಸಿನಿಮಾಗಳಿಂದ ನಿಮ್ದೇ ಅ, ಇ, ಉ ಎಲ್ಲ ಕತ್ತರಿಸಿ ತಂದು ಅಂಟಿಸ್ತಿದ್ದೆ. ಹೇಳಿದ್ರೆ ನೀವು ಕೆಲಸ ಬಿಟ್ಬಿಡ್ತೀರಿ ಅಂತ ಹೇಳ್ಲಿಲ್ಲ. ಈಗ ಅಂಟಿಸೋಕೂ ಆಗ್ತಿಲ್ಲ, ಡಾಕ್ಟರಿಗೆ ತೋರಿಸಿ."

ಅವನನ್ನು ಹೇಗೆ ಬೈಯಲಿ? ಪ್ರೀತಿಯಿಂದ ಮಾಡಿದ್ದು. ತೆರೆಯ ಮೇಲೆ ನನ್ನ ದನಿ ಕೇಳಿ ಇನ್ನೂ ಗಟ್ಟಿಯಾಗಿದ್ದೇನೆ ಅಂತ ಬೀಗುತ್ತಿದ್ದೆನಲ್ಲ, ಅದಕ್ಕೆ ನಾಚಿಕೆಯಾಯಿತು. ಟೀ ಕುಡಿಯದೆ ಮನೆಗೆ ಬಂದೆ. ಬಾಗಿಲ ಸಂದಿಯಲ್ಲಿ ನಿನ್ನ ಪತ್ರ ಬಿದ್ದಿತ್ತು.

ಡಾಕ್ಟರಿಗೆ ತೋರಿಸಿದೆ. ಗಂಟಲಲ್ಲಿ ಗಡ್ಡೆ. ಒಳ್ಳೆಯದಲ್ಲ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಂತೆ, ಈ ತಿಂಗಳ ಕೊನೆಗೆ ಆಪರೇಷನ್. ಆಮೇಲೆ ಈ ಮಾತಿನ ಮಲ್ಲಿಯ ಬಾಯಿಗೆ ಬೀಗ. ಏನಿದ್ದರೂ ಬರೆದು ತೋರಿಸಬೇಕು. ನೀನು ಅಳಬೇಡ, ನಾನು ಅತ್ತು ಮುಗಿಸಿದ್ದೇನೆ. ಸಿನಿಮಾವನ್ನು ಒಬ್ಬ ಹೊಸ ಹುಡುಗಿಗೆ ಕೊಟ್ಟರು. ಅವಳಿಗೆ ಮೈಕಿನಿಂದ ಎಷ್ಟು ದೂರ ನಿಲ್ಲಬೇಕು ಅಂತ ತೋರಿಸಿ ಬಂದೆ. ಚೆನ್ನಾಗಿ ಮಾಡುತ್ತಾಳೆ. ಅವಳ "ಉಹೂಂ" ರಸ್ತೆಯ ಆ ಬದಿಗೂ ಕೇಳಿಸುತ್ತದೆ.

ಈಗ ನಿನ್ನ ಚಿಕ್ಕಮ್ಮ. ನನ್ನನ್ನು ನೋಡಿಕೊಳ್ಳಲು ಬಂದು ಕೂತಿದ್ದಾಳೆ. ಮೇಜಿನ ಮೇಲಿದ್ದ ನಿನ್ನ ಪತ್ರವನ್ನು ಕೇಳದೆಯೇ ಓದಿದಳು. ಓದಿ, "ಗಂಡ ಹೆಂಡ್ತಿ ಅಂದ್ಮೇಲೆ ಇದೆಲ್ಲ ಇದ್ದದ್ದೇ ಅಕ್ಕಾ. ಸ್ವಲ್ಪ ಹೊಂದ್ಕೊಂಡು ಹೋಗು ಅಂತ ಬರಿ. ನಿಂದೇ ಆಪರೇಷನ್ ಇದೆ, ಅವಳೂ ಬಂದು ಕೂತ್ರೆ ಇಬ್ಬರನ್ನ ಯಾರು ನೋಡ್ಕೋತಾರೆ? ಅಷ್ಟಕ್ಕೂ ಅವಳೇ ಇಷ್ಟಪಟ್ಟು ಮಾಡ್ಕೊಂಡಿದ್ದಲ್ವಾ, ನಿನ್ನ ಮಾತು ಎಲ್ಲಿ ಕೇಳಿದ್ಲು?" ಅಂದಳು. ನಾನು ಕೈಯಲ್ಲಿದ್ದ ಗಾಜಿನ ಲೋಟವನ್ನು ಗೋಡೆಗೆ ಎಸೆದೆ. ಇಷ್ಟು ವರ್ಷದಲ್ಲಿ ನಾನು ಏನನ್ನೂ ಎಸೆದವಳಲ್ಲ. ಅವಳು ಗಾಜು ಗುಡಿಸಿ ಅಡುಗೆಮನೆ ಸೇರಿದಳು. ಪಾಪ, ಅವಳಿಗೇನು ಗೊತ್ತು. ಹಾಗೆ ಅನ್ನಲು ಅವಳಿಗೆ ಕಲಿಸಿದವಳು ನಾನೇ.

ನಿನ್ನ ಪ್ರಶ್ನೆಗೆ ಉತ್ತರ: ಬಾ. ಮನೆಯಿಂದ ಹೊರಡಬೇಡ, ಅಂಗಡಿಯಿಂದ ಹೊರಡು. ಮಧ್ಯಾಹ್ನ ಅವನು ಯಾವುದಾದರೂ ಮದುವೆಯ ಗಡಿಬಿಡಿಯಲ್ಲಿ ಇರುವ ದಿನ ನೋಡಿಕೋ. ಬಟ್ಟೆಬರೆ ತರಬೇಡ, ಚೀಲ ಹಿಡಿದರೆ ಅಕ್ಕಪಕ್ಕದವರು ಕೇಳುತ್ತಾರೆ. ಯಜಮಾನಿ ಒಳ್ಳೆಯವರು ಅಂದಿದ್ದೀಯ, ಅವರಿಗೆ ಹೇಳಿ ಬಸ್ ಹತ್ತು. ಹಿಂದಿನ ರೂಮಿನಿಂದ ಹೊಲಿಗೆ ಮಷಿನ್ ತೆಗೆಸಿ ನಿನ್ನ ಮಂಚ ಹಾಕಿಸಿದ್ದೇನೆ. ಜನ ಏನಂತಾರೋ ಅಂತ ಯೋಚಿಸಬೇಡ. ಯಾರಾದರೂ ಬಂದು ಕೇಳಿದರೆ ನಿನ್ನಮ್ಮನಿಗಂತೂ ಉತ್ತರ ಕೊಡುವ ಕಷ್ಟವಿಲ್ಲ. ನಿನಗೆ ಕೈ ಇಲ್ಲ, ನನಗೆ ಬಾಯಿಲ್ಲ, ಇಬ್ಬರೂ ಸೇರಿ ಒಂದು ಸಂಸಾರ ಹೇಗೋ ನಡೆಸೋಣ. ಅವನು ಹುಡುಕಿಕೊಂಡು ಬಂದರೆ ಬರಲಿ. ನನಗೆ ಹೆದರಿಕೆ ಇಲ್ಲ ಅಂತ ಹೇಳುವುದಿಲ್ಲ, ಇದೆ. ಆದರೂ ಬಾ.

ಮದುವೆಯಾದ ಮಗಳಿಗೆ ಏನು ಹರಸಬೇಕು ಅಂತ ನನಗೆ ಬಾಯಿಪಾಠ ಇದೆ, ಎಷ್ಟೋ ಅಮ್ಮಂದಿರ ಪಾತ್ರಕ್ಕೆ ದನಿ ಕೊಟ್ಟಿದ್ದೇನೆ. ಅದ್ಯಾವುದನ್ನೂ ಬರೆಯಲು ಮನಸ್ಸಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅವನು ಇರುವಾಗ ಬಾಗಿಲ ಹತ್ತಿರ ನಿಲ್ಲಬೇಡ. ನನ್ನ ಆಯಸ್ಸಿನಲ್ಲಿ ಉಳಿದದ್ದೆಲ್ಲ ನಿನಗಿರಲಿ.

ಇಂತಿ,
ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು, ಹರಿದು ಮತ್ತೆ ಬರೆಯುತ್ತಿದ್ದೇನೆ. ನಿನ್ನ ಪತ್ರದ ಕೊನೆಯ ಸಾಲಿಗೆ ಉತ್ತರ ಕೊಡದೆ ತಪ್ಪಿಸಿಕೊಳ್ಳಲು ನೋಡಿದೆ, ಆಗುತ್ತಿಲ್ಲ. "ಅವರನ್ನ ಮದ್ವೆ ಆಗ್ಲಾ ಅಂತ ಫೋನಲ್ಲಿ ಕೇಳ್ದಾಗ ನೀನು ಹೂಂ ಅಂದ್ಯಲ್ಲ ಅಮ್ಮ, ಆಮೇಲೆ ನಂಗೆ ಅನುಮಾನಾನೇ ಬರ್ಲಿಲ್ಲ. ಈಗ್ಲೂ ನೀನೇ ಹೇಳು" ಅಂತ ಬರೆದಿದ್ದೀಯ. ಆವತ್ತು ಗಂಟಲು ಉರಿಯುತ್ತಿತ್ತು, ಒಂದೇ ಮಾತು ಆಡಿದೆ. ಕಾರಣವನ್ನು ಎದುರಿಗೆ ಕೂರಿಸಿಕೊಂಡು ಹೇಳೋಣ ಅಂತಿದ್ದೆ. ಅಷ್ಟರಲ್ಲಿ ದಿನ ಗೊತ್ತಾಯಿತು ಅಂತ ನಿನ್ನ ಸುದ್ದಿ ಬಂತು. ಬೇಡ ಅಂದರೂ ಕೇಳದೆ ಹೋದಳಲ್ಲ ಅಂತ ನನಗೆ ಸಿಟ್ಟು. ಕಾರಣ ಹೇಳಲು ಹೋಗಲಿಲ್ಲ. ನಿನ್ನ ಮದುವೆಯಲ್ಲಿ ಮುಖ ಗಂಟು ಹಾಕಿಕೊಂಡು ಕೂತೆ, ಗಂಟಲು ನೋವು ಅಂತ ನೀನು ಬಿಸಿನೀರು ತಂದುಕೊಟ್ಟೆ. ಆಮೇಲೂ ವರ್ಷವಿಡೀ ನಿನ್ನ ಫೋನಿಗೆ ಎರಡು ಮಾತಾಡಿ ಇಟ್ಟುಬಿಡುತ್ತಿದ್ದೆ. ಮಗಳು ನನ್ನ ಮಾತು ಮೀರಿ ಹೋದಳು ಅಂತ ಚಿಕ್ಕಮ್ಮನ ಹತ್ತಿರ, ಅವರಿವರ ಹತ್ತಿರ ಹೇಳಿಕೊಂಡು ತಿರುಗಿದೆ.

ನಾನು ಆವತ್ತು ಅಂದಿದ್ದು ಉಹೂಂ, ಮಗಳೇ. ನೀನು ನನ್ನ ಮಾತು ಕೇಳಿಯೇ ಆ ಮನೆಗೆ ಹೋದೆ.