ಮೆಟ್ಟಿಲ ಕೆಳಗೆ ನಿಂತವಳಿಗೆ

ಪುಟ್ಟೀ,

ಇವತ್ತು ಉಪವಾಸ. ಬೆಳಿಗ್ಗೆ ಮನೆ ಗುಡಿಸಿ, ನೀರು ತುಂಬಿಸಿ, ದೇವರಿಗೆ ದೀಪ ಹಚ್ಚಿ ಶಾಲೆಗೆ ಹೋದೆ. ನೀನು ಕಣ್ಮುಚ್ಚಿ ಎರಡು ವರ್ಷವಾಯಿತು. ಆದರೂ ಈ ಅಕ್ಕನಿಗೆ ದಿನದ ಸುದ್ದಿ ನಿನಗೆ ಹೇಳದೆ ಸಮಾಧಾನವಿಲ್ಲ.

ಕಂಪ್ಯೂಟರ್ ಕೋಣೆ ಒರೆಸುತ್ತಿದ್ದಾಗ ಟೀಚರ್ ಕರೆದರು. "ಆಯಮ್ಮ, ಇವತ್ತು ನೀವೇ ಕಂಪ್ಯೂಟರ್. ಮಕ್ಕಳು ಚೀಟೀಲಿ ಬರೆದು ಹೇಳಿದಷ್ಟೇ ಮಾಡಿ, ಸ್ವಂತ ಬುದ್ಧಿ ಓಡಿಸ್ಬೇಡಿ."

"ಇದ್ರೆ ತಾನೇ ಓಡ್ಸೋಕೆ!" ಅಂದೆ. ಮಕ್ಕಳು ನಕ್ಕರು.

ಒಬ್ಬ ಹುಡುಗಿ ಕೈಯಲ್ಲಿದ್ದ ಚೀಟಿ ನೋಡಿಕೊಂಡು "ನಡೀರಿ" ಅಂದಳು. ನಡೆದೆ. ನಿಲ್ಲಿ ಅಂತ ಬರೆಯುವುದನ್ನು ಮರೆತಿದ್ದಳು. ಮಂಡಿ ಬೆಂಚಿಗೆ ಬಡಿಯಿತು.

"ಅಯ್ಯೋ, ಬೆಂಚು ಕಾಣ್ಲಿಲ್ವಾ ಆಯಮ್ಮ?"

"ಕಾಣ್ತು ಕಣೇ. ನೀನು ನಿಲ್ಲು ಅನ್ಲಿಲ್ವಲ್ಲ!"

ಟೀಚರ್ ನಗಲಿಲ್ಲ. "ಬಾಯ್ಬಿಟ್ಟು ಹೇಳ್ದೇ ಇದ್ದಿದ್ದನ್ನ ಕಂಪ್ಯೂಟರ್ ಮಾಡಲ್ಲ. ತಪ್ಪು ಹೇಳಿದೋರದ್ದೇ" ಅಂದರು. ಹುಡುಗಿ ಮುಖ ಸಣ್ಣದು ಮಾಡಿಕೊಂಡು ಚೀಟಿಯನ್ನು ತಿದ್ದಿದಳು. "ನಾಲ್ಕು ಹೆಜ್ಜೆ ಹಿಂದೆ ಬನ್ನಿ" ಅಂದಳು. ಬಂದೆ. ಅಷ್ಟೇ ಕೆಲಸ.

ಸಿಟ್ಟಿನಲ್ಲಿ ಒಂದು ದಿನ ನಾನು ನಿನಗೆ, "ನನ್ನ ಮನೆ ಮೆಟ್ಟಿಲು ಹತ್ತಬೇಡ" ಅಂದಿದ್ದೆ. ಅಮ್ಮ ತೀರಿಕೊಂಡ ದಿನ ನೀನು ಬಂದು ಸಂಜೆಯವರೆಗೂ ಮೆಟ್ಟಿಲ ಕೆಳಗೇ ನಿಂತಿದ್ದೆ. ಬಾಗಿಲಲ್ಲಿ ನಾನೂ ನಿಂತಿದ್ದೆ, ಮೇಲೆ ಬಾ ಅನ್ನದೆ.

ಮಂಡಿಗೆ ಎಣ್ಣೆ ಹಚ್ಚಿಕೊಂಡು ಇದನ್ನು ಬರೆದಿದ್ದೇನೆ. ಕಾಗದವನ್ನು ದೀಪದ ಪಕ್ಕ ಇಡುತ್ತೇನೆ.

ಮೇಲೆ ಬಾ, ಪುಟ್ಟೀ.

ದೇವರೇ, ಅವಳಿರುವ ಜಾಗ ನಿನಗೆ ಗೊತ್ತು. ಒಂದು ಸಲ ಹೋಗಿ ಅವಳ ಉತ್ತರ ತಂದುಕೊಡು.