ಮದುಮಗನ ಕೈಯಲ್ಲಿ ಜರ್ಮನ್ ಕತ್ತಿ

ಪ್ರೀತಿಯ ದೊಡ್ಡಪ್ಪಾ,

ನನಗೆ ಮದುವೆ ಆಯ್ತು, ನಿಮ್ಮ ಜರ್ಮನ್ ಬೇಟೆಗತ್ತಿಯನ್ನು ನಕಲಿ ಎಂದು ಹೇಳಿ ಬೈಸಿಕೊಂಡು ಹೋದನಲ್ಲ, ಅದೇ ಅರವಿಂದನ ಜೊತೆ! ಮೇಲೆ ಕೂತು ಹಲ್ಲು ಕಡಿಯಬೇಡಿ. ಪೂರ್ತಿ ಓದಿ, ನಿಮಗೂ ಲಾಭವಿದೆ.

ಅವನು ವಯನಾಡಿಗೆ, ಬತ್ತೇರಿಯ ನಮ್ಮ ಮನೆಗೆ ಬಂದ ದಿನ ನೆನಪಿದೆಯಾ? ಮೈಸೂರಿನ ಹುಡುಗ, ಚೆನ್ನೈನ ಮ್ಯೂಸಿಯಂನಲ್ಲಿ ಹಳೆಯ ಆಯುಧಗಳನ್ನು ನೋಡಿಕೊಳ್ಳುತ್ತಾನೆ ಎಂದು ನೀವೇ ಹುಡುಕಿ ಕರೆಸಿದ್ದಿರಿ. ಪಾತ್ರೆ ಅಂಗಡಿಯ ಬಾಗಿಲು ಹಾಕಿ, ಇಸ್ತ್ರಿ ಮಾಡಿದ ಷರ್ಟು ತೊಟ್ಟು ಕಾದಿದ್ದಿರಿ. ಗಾಜಿನ ಬೀರುವಿನಲ್ಲಿ ಎರಡು ಬಾಕು, ನಡುವೆ ಆ ಉದ್ದನೆಯ ಕತ್ತಿ. ಕೊಂಬಿನ ಹಿಡಿ, ಹಿಡಿಯ ಬುಡದಿಂದ ಅಲಗಿನ ಮೇಲೆ ಬಾಗಿದ ಹಿತ್ತಾಳೆಯ ಚಿಪ್ಪು, ಅಲಗಿನ ತುಂಬ ನಾಯಿಗಳಿಗೆ ಹೆದರಿ ಓಡುವ ಜಿಂಕೆ.

"ಮುಟ್ಟದೆ ನೋಡು" ಅಂದಿರಿ. ಅವನು ಮುಟ್ಟದೆ ನೋಡಿದ.

"ಸಾರ್, ಒಂದು ಕಲೆ ಕೂಡ ಇಲ್ಲ, ಫಳಫಳ ಅಂತಿದೆ. ಚಿತ್ರದ ಗೆರೆಗಳೂ ಮೊಂಡು. ಹಳೇದನ್ನ ನೋಡಿ ಈಚೆಗೆ ಯಾರೋ ಮಾಡಿರೋದು ಅನ್ಸುತ್ತೆ."

"ಇವನಿಗೆ ಊಟ ಹಾಕ್ಬೇಡಿ!" ಎಂದು ನೀವು ಗುಡುಗುವಷ್ಟರಲ್ಲಿ ದೊಡ್ಡಮ್ಮ ಎಲೆಗೆ ಪಾಯಸ ಬಡಿಸಿಯಾಗಿತ್ತು. "ಬಡಿಸಿದ ಎಲೆ ಎತ್ತೋಕಾಗಲ್ಲ, ಸುಮ್ನಿರಿ" ಅಂದರು. ನೀವು ಗೋಡೆಯ ಕಡೆ ತಿರುಗಿ ನಿಂತು ಬೈಯುತ್ತಲೇ ಇದ್ದಿರಿ, ಅವನು ಎರಡನೇ ಸಲ ಪಾಯಸ ಹಾಕಿಸಿಕೊಂಡ. ಅಂಥವನನ್ನು ನಾನು ಹೇಗೆ ತಾನೇ ಬಿಡಲಿ?

ಆಸ್ಪತ್ರೆಯ ಆ ಕೊನೆಯ ವಾರ ನೀವು ನನ್ನ ಕೈ ಹಿಡಿದು ಕೇಳಿದಿರಿ: "ಕುಟ್ಟೀ, ನಿಜ ಹೇಳು. ನಾನು ಮೋಸ ಹೋದ್ನಾ?" ತೋಟದ ಬಂಗಲೆಯ ಹರಾಜಿನಲ್ಲಿ ತಂದ ಕತ್ತಿ ಅದು. ಕುಕ್ಕರ್ ಕೊಳ್ಳಲು ಬಂದವರಿಗೂ ಅದರ ಕಥೆ ಹೇಳದೆ ಕಳಿಸಿದವರಲ್ಲ ನೀವು. "ಇಲ್ಲ ದೊಡ್ಡಪ್ಪಾ" ಅಂದೆ. ನೀವು ನಂಬಲಿಲ್ಲ, ಕಣ್ಣು ಮುಚ್ಚಿಕೊಂಡಿರಿ. ಆಮೇಲೆ ಮತ್ತೆ ಕೇಳಲೇ ಇಲ್ಲ, ನಾನೂ...

ಇರಲಿ. ಮದುವೆಯ ಬೆಳಿಗ್ಗೆ ಗಂಡಿನ ಕಡೆಯವರೆಲ್ಲ ಮೈಸೂರಿನಿಂದ ಬಂದಿಳಿದರು, ಅವರ ಕಠಾರಿ ಮಾತ್ರ ಮನೆಯಲ್ಲೇ ಉಳಿದಿತ್ತು! ಮದುಮಗನ ಕೈಯಲ್ಲಿ ನಿಂಬೆಹಣ್ಣು ಚುಚ್ಚಿದ ಕಠಾರಿ ಇಲ್ಲದೆ ನಮ್ಮವರು ಹಸೆಗೆ ಕೂರಿಸುತ್ತಾರೆಯೇ? "ಅಡುಗೆಮನೆ ಚಾಕು ಕೊಡಿ, ಸಾಕು" ಎಂದರು ಅರವಿಂದನ ಅಮ್ಮ.

"ಎಂದಿನಾ? ಅಡುಗೆ ಚಾಕು ಯಾಕೆ? ನಮ್ಮ ಮನೇಲಿ ಕತ್ತಿಗೇನು ಬರವಾ?" ಎಂದು ದೊಡ್ಡಮ್ಮ ನಿಮ್ಮ ಬೀರುವನ್ನೇ ತೆರೆದುಬಿಟ್ಟರು.

ಅರವಿಂದನ ಮುಖ ಬಿಳಿಚಿತು. "ಬೇಡ ಅಮ್ಮಾ, ನಿಂಬೆಹುಳಿ ತಾಕಿದ್ರೆ ಅಲಗು ಹಾಳಾಗುತ್ತೆ!"

"ನಕಲಿ ಅಂದಿದ್ರಲ್ಲ ಅಳಿಯಂದ್ರೇ, ಹಾಳಾದ್ರೆ ನಿಮಗೇನು?"

ಅಷ್ಟುದ್ದದ ಕತ್ತಿ ಎತ್ತಿ ಹಿಡಿದರೆ ನಿಂಬೆಹಣ್ಣು ನನ್ನ ಬಾಸಿಂಗಕ್ಕಿಂತ ಮೇಲೆ! ರಸ ಅಲಗಿನುದ್ದಕ್ಕೂ ಇಳಿಯುತ್ತಿತ್ತು, ಅವನ ಕಣ್ಣು ಅದರ ಹಿಂದೆಯೇ ಇಳಿಯುತ್ತಿತ್ತು. "ಚೇಟ್ಟಾ, ನಿಂಬೆಹಣ್ಣು ಬೇಡ, ಹುಡುಗೀನ ನೋಡಿ!" ಎಂದು ಫೋಟೋದವನು ಕೂಗಿ ಕೂಗಿ ಸೋತ.

ತಾಳಿ ಕಟ್ಟಿದ್ದೇ ತಡ, ಅಕ್ಷತೆ ಹಿಡಿದು ನಿಂತವರನ್ನೆಲ್ಲ ಬಿಟ್ಟು ನನ್ನ ಗಂಡ ಮಂಟಪದಲ್ಲೇ ಕತ್ತಿ ಒರೆಸುತ್ತ ಕೂತ. ರಸ ಹರಿದಲ್ಲೆಲ್ಲ ಅಲಗು ಕಪ್ಪಾಗಿತ್ತು. "ಈಗಿನ ಸ್ಟೀಲು ಹೀಗೆ ಕಪ್ಪಾಗಲ್ಲವಲ್ಲ" ಎಂದು ಗೊಣಗಿದ. ಚಿಪ್ಪಿನ ಅಡಿಗೂ ರಸ ಇಳಿದಿದ್ದರೆ ಎಂದು ಅದರ ಸ್ಕ್ರೂ ಬಿಚ್ಚಿದ. ಅಲ್ಲಿ, ಹಳೆಯ ಕಂದು ಕಲೆಗಳ ನಡುವೆ, ಕಿರೀಟ ತೊಟ್ಟ ಪುಟ್ಟ ಮೀನು, ಕತ್ತಿ ಮಾಡಿದವರು ಒತ್ತಿದ ಗುರುತು! ಒಂದೊಂದು ಗೆರೆಯೂ ಚೂಪು.

"ಒಳಗೆ ಹೀಗಿದೆ, ಹೊರಗೆ ಮಾತ್ರ ಯಾಕೆ ಇಷ್ಟು ಸವೆದಿದೆ?"

ದೊಡ್ಡಮ್ಮ ಸೆರಗು ತಿರುಚಿದರು. "ಆಯುಧಪೂಜೆ ದಿನ ಅವರು ಅಂಗಡಿ ಪೂಜೆಗೆ ಹೋದ್ಮೇಲೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ತಿದ್ದೆ. ಮಂಕು ಹಿಡಿದ ಕತ್ತಿಗೆ ಕುಂಕುಮ ಇಡೋದಾ? ಆ ಚಿಪ್ಪಿನೊಳಗೆ ಕೈ ಹೋಗ್ತಿರಲಿಲ್ಲ ನೋಡಿ..."

ನಿಮಗೆ ಗೊತ್ತೇ ಇರಲಿಲ್ಲ ಅಲ್ಲವೇ? ಜರ್ಮನ್ ಉಕ್ಕಿನ ಮಹಿಮೆ ಎಂದು ನೀವು ಊರೆಲ್ಲ ಹೊಗಳಿದ ಹೊಳಪು ದೊಡ್ಡಮ್ಮನ ತೋಳಿನದು!

ನಮ್ಮ ಆಲ್ಬಂನಲ್ಲಿ ನನ್ನ ಮುಖಕ್ಕಿಂತ ಆ ಮೀನಿನ ಫೋಟೋಗಳೇ ಹೆಚ್ಚು. ಚೆನ್ನೈಗೆ ಬಂದಮೇಲೆ ಅವನ್ನು ಹಿಡಿದುಕೊಂಡು ಮ್ಯೂಸಿಯಂನ ಹಳೆಯ ಕತ್ತಿಗಳ ಜೊತೆ ಹೋಲಿಸಿದ, ತಿಳಿದವರಿಗೆಲ್ಲ ತೋರಿಸಿದ. ನಿನ್ನೆ ಸಂಜೆ ಷೂ ಕೂಡ ಬಿಚ್ಚದೆ ಒಳಗೆ ಬಂದು, "ಅಸಲಿ ಕಣೇ" ಅಂದ. ನಾನು ಕುಣಿದಾಡಿದೆ. "ಅಲಗು ಅಸಲಿ, ಹಿಡಿಯ ವಿಷಯ ಆಮೇಲೆ ಮಾತಾಡೋಣ" ಎಂದೂ ಸೇರಿಸಿದ. ಇಂಥವನನ್ನು ಏನು ಮಾಡುವುದು ಹೇಳಿ!

ನೀವು ಮೋಸ ಹೋಗಲಿಲ್ಲ ದೊಡ್ಡಪ್ಪಾ. ನನ್ನ ಮಾತು ಬೇಡ, ನಿಮ್ಮ ವೈರಿಯ ಬಾಯಿಂದಲೇ ಕೇಳಿ. ನಿಮ್ಮ ಫೋಟೋದ ಮುಂದೆ ನಿಂತು, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಲು ಅವನನ್ನು ಒಪ್ಪಿಸಿದ್ದೇನೆ. ದೊಡ್ಡಮ್ಮನಿಗೆ ಇನ್ನೂ ತಿಳಿಸಿಲ್ಲ, ಮೊದಲು ನಿಮಗೆ. ಕೋಳಿಕ್ಕೋಡಿನಲ್ಲಿ ಇಳಿದು, ಬಸ್ಸಿನಲ್ಲಿ ಘಾಟಿ ಹತ್ತಿ, ಊಟದ ಹೊತ್ತಿಗೆ ಮನೆ ಸೇರುತ್ತೇವೆ. ಬರುವುದು ಶನಿವಾರ, ಮಂಗಳೂರು ಮೇಲ್‌ನಲ್ಲಿ.